ಕೈಯಲ್ಲೇ ಇದ್ದು ಕಳೆದುಹೋದ ಪಾಸ್‌ಪೋರ್ಟು

ಫೆಬ್ರವರಿ ೪

ಚೂಟಿ,

ಲಕೋಟೆಯ ಮೇಲೆ ನನ್ನ ಹೆಸರು ಹಾಕಿಲ್ಲ. ಬೇಕಂತಲೇ ಹಾಕಿಲ್ಲ. ಹಾಕಿದ್ದರೆ ನೀನು ಒಡೆಯದೆ ಕಸದ ಬುಟ್ಟಿಗೆ ಎಸೆಯುತ್ತಿದ್ದೆ. ಫೋನ್ ಮಾಡೋಣ ಅಂದರೆ ನನ್ನ ದನಿಯ ಮೊದಲ ಅಕ್ಷರಕ್ಕೇ ಇಟ್ಟುಬಿಡ್ತೀಯ. ಕಾಗದಕ್ಕೆ ದನಿ ಇಲ್ಲ ನೋಡು, ಒಡೆಯುವವರೆಗೂ ಅದು ಸಂಭಾವಿತ. ಈಗ ಒಡೆದದ್ದಾಯಿತು. ನಾನು ನಿನ್ನ ಸೋದರಮಾವ. ಆರು ವರ್ಷವಾಯಿತು. ಪೂರ್ತಿ ಓದು, ಆಮೇಲೆ ಬೈಯಿ.

ನೀನು ಈಗ ವಿದೇಶಾಂಗ ಕಚೇರಿಯಲ್ಲಿ, ಹೊರದೇಶದಲ್ಲಿರುವ ನಮ್ಮ ಜನರ ದೂರು ನೋಡುವ ವಿಭಾಗದಲ್ಲಿ ಇದ್ದೀಯಂತೆ. ನಿಮ್ಮಮ್ಮ ಹೇಳಿದಳು. ದೂರದವರ ದೂರನ್ನು ದೂರದಿಂದಲೇ ನೋಡುವ ಕೆಲಸ! ಸರಿ, ಸರಿ, ಮುಖ ಗಂಟು ಹಾಕಬೇಡ. ವಿಷಯಕ್ಕೆ ಬರುತ್ತೇನೆ.

ನಾನು ನಲವತ್ತು ವರ್ಷ ಮೊಳೆ ಜೋಡಿಸಿದ ಅಚ್ಚುಕೂಟ ಮುಚ್ಚಿಹೋದ ಮೇಲೆ ಈ ದೇಶಕ್ಕೆ ಬಂದೆ. ಈಗ ಇಲ್ಲಿ ನಮ್ಮ ದೇಶದ ರಾಯಭಾರ ಕಚೇರಿಯ ಹೊರಗೋಡೆಗೆ ಸ್ಟೂಲು ಹಾಕಿಕೊಂಡು ಕೂರುತ್ತೇನೆ. ಅಕ್ಷರ ಬಾರದ ನಮ್ಮವರಿಗೆ ಕಾಗದ ಪತ್ರ ಓದಿ ಹೇಳುತ್ತೇನೆ. ರಾಯಭಾರ ಅಂದರೇನು ಅಂತ ಇಲ್ಲಿ ಕೂತ ಮೇಲೆ ಅರ್ಥವಾಯಿತು. ರಾಯರು ಒಳಗೆ, ಭಾರ ಹೊರಗೆ.

ಇಲ್ಲಿಯ ಅಂಗಿ ಕಾರ್ಖಾನೆಯಲ್ಲಿ ನಮ್ಮ ಕಡೆಯ ಒಂಬತ್ತು ಜನ ಹೆಂಗಸರು ಇದ್ದಾರೆ. ಒಂದೇ ಕೋಣೆ, ಮೂರು ಅಂತಸ್ತಿನ ಮಂಚ, ಒಂದು ಕಿಟಕಿ. ಕಳೆದ ತಿಂಗಳು ಒಂಬತ್ತೂ ಪಾಸ್‌ಪೋರ್ಟಿನ ಗಡುವು ತೀರಿತು. ಹೊಸದಕ್ಕೆ ಅರ್ಜಿ ಹಾಕಿದರು. ಅರ್ಜಿಯಲ್ಲಿ ‘ಹಳೆಯ ಪಾಸ್‌ಪೋರ್ಟಿನ ಸ್ಥಿತಿ’ ಅಂತ ಒಂದು ಸಣ್ಣ ಚೌಕ ಇದೆ. ಅದರಲ್ಲಿ ‘ಕಳೆದದ್ದು’ ಅಂತ ಬರೆದಿತ್ತು. ಕಾಲ ಕಳೆದದ್ದು, ಅವಧಿ ಕಳೆದದ್ದು ಅಂತ ಅರ್ಥ. ನಿನಗೆ ಗೊತ್ತು, ನನಗೆ ಗೊತ್ತು. ಆದರೆ ಶುಲ್ಕ ತಗೊಳ್ಳುವ ಕೌಂಟರನ್ನು ನಮ್ಮ ಕಚೇರಿಯವರು ಈ ದೇಶದ ಒಂದು ಕಂಪನಿಗೆ ಗುತ್ತಿಗೆ ಕೊಟ್ಟಿದ್ದಾರೆ. ಅಲ್ಲಿ ಕೂತಿರುವವನಿಗೆ ನಮ್ಮ ಭಾಷೆ ಬಾರದು. ಅವನ ಹತ್ತಿರ ಒಂದು ಪದಪಟ್ಟಿ ಇದೆ. ‘ಮುಗಿದದ್ದು’ ಅಂದರೆ ಮಾಮೂಲಿ ಶುಲ್ಕ. ‘ಕಳೆದದ್ದು’ ಅಂದರೆ ಎಲ್ಲೋ ಬೀಳಿಸಿಕೊಂಡದ್ದು, ಅದಕ್ಕೆ ನಾಲ್ಕು ಪಟ್ಟು.

ಒಂಬತ್ತು ಜನರ ಹತ್ತಿರವೂ ನಾಲ್ಕು ಪಟ್ಟು ಕಿತ್ತರು. ಯಾಕೆ ಅಂತ ಕೇಳೋಕೆ ಭಾಷೆ ಬೇಕಲ್ಲ. ರಸೀದಿ ತಂದು ನನಗೆ ಓದಿಸಿದಾಗಲೇ ಗೊತ್ತಾದದ್ದು.

ಹಣ ಅಷ್ಟೇ ಆಗಿದ್ದರೆ ನಾನು ನಿನಗೆ ಬರೆಯುತ್ತಿರಲಿಲ್ಲ. ಕಳೆದಿದೆ ಅಂತ ದಾಖಲಾದ ಮೇಲೆ ಪೊಲೀಸರು ಹುಡುಕಬೇಕಂತೆ. ಹುಡುಕಿ ಸಿಗಲಿಲ್ಲ ಅಂತ ಬರೆದುಕೊಟ್ಟ ಮೇಲೆ ಹೊಸದು. ಅದು ಅವರ ಕೈಯಲ್ಲೇ ಇದೆ, ಮಾರಾಯ್ತಿ! ಪೆಟ್ಟಿಗೆಯಲ್ಲಿ, ಬಟ್ಟೆ ಮಧ್ಯೆ, ಬೆಚ್ಚಗೆ.

ಇವರಲ್ಲಿ ಒಬ್ಬಳು ಗುಂಡಿಯಕ್ಕ. ಅಂಗಿಗೆ ಗುಂಡಿ ಹಚ್ಚುವವಳು, ಅದಕ್ಕೇ ಆ ಹೆಸರು. ಅವಳ ತಾಯಿಗೆ ಮರೆವಿನ ಕಾಯಿಲೆ. ಊರಿನಲ್ಲಿ ತಮ್ಮನ ಹೆಂಡತಿ ನೋಡಿಕೊಳ್ಳುತ್ತಾಳೆ. ಪ್ರತಿ ಭಾನುವಾರ ಫೋನು. ಈಗ ಮಗಳ ಗುರುತಿದೆ. ಮೊನ್ನೆ ಮಗನನ್ನು ‘ನೀವು ಯಾರ ಪೈಕಿ?’ ಅಂದಳಂತೆ. ಗುಂಡಿಯಕ್ಕನಿಗೆ ಬೇಕಾದದ್ದು ಇಷ್ಟೇ, ಅಮ್ಮನಿಗೆ ತಾನು ಯಾರು ಅಂತ ಗೊತ್ತಿರುವಾಗಲೇ ಒಮ್ಮೆ ಎದುರಿಗೆ ಕೂರಬೇಕು. ಟಿಕೆಟ್ಟಿಗೆ ಇಟ್ಟಿದ್ದ ಹಣ ಕೌಂಟರಿಗೆ ಹೋಯಿತು. ಹೊಸ ಪಾಸ್‌ಪೋರ್ಟ್ ಪೊಲೀಸರ ಹುಡುಕಾಟದ ಪಾಲಾಯಿತು.

ಏನಾದರೂ ಮಾಡು. ನನಗೋಸ್ಕರ ಬೇಡ.

ಬೈಸಿಕೊಳ್ಳಲು ತಯಾರಾಗಿ ಕೂತಿರುವ
ನಿನ್ನ ಮಾವ


ಫೆಬ್ರವರಿ ೨೧

ಮಾನ್ಯರೇ,

ತಮ್ಮ ದಿನಾಂಕ ೪ರ ಪತ್ರ ತಲುಪಿದೆ. ತಾವು ತಿಳಿಸಿರುವ ಸಂಗತಿಯ ಬಗ್ಗೆ ಯಾವುದೇ ಪುರಾವೆ ಲಗತ್ತಿಸಿರುವುದಿಲ್ಲ. ಮೂಲ ರಸೀದಿಗಳು ಹಾಗೂ ಅರ್ಜಿದಾರರ ಹೆಬ್ಬೆಟ್ಟಿನ ಗುರುತುಳ್ಳ ದೂರು ಬಂದಲ್ಲಿ ಮಾತ್ರ ಕಡತ ತೆರೆಯಲು ಸಾಧ್ಯ.

ಕೈಯಲ್ಲಿರುವ ಪಾಸ್‌ಪೋರ್ಟು ಕಳೆದುಹೋಗಿದೆ ಎಂಬ ಕಥೆ ಚೆನ್ನಾಗಿದೆ. ತಮ್ಮಿಂದ ಇದಕ್ಕಿಂತ ಚೆನ್ನಾದ ಕಥೆಯೊಂದು ಆರು ವರ್ಷದ ಹಿಂದೆ ನನಗೆ ಬಂದಿತ್ತು. ಅದರಲ್ಲಿ ಮೊಹರು ಇತ್ತು, ಕಡತದ ಸಂಖ್ಯೆ ಇತ್ತು, ‘ಕೆಲಸಕ್ಕೆ ಹಾಜರಾಗತಕ್ಕದ್ದು’ ಎಂಬ ಒಕ್ಕಣೆ ಇತ್ತು. ಇಡೀ ಬೀದಿಗೆ ಹೇಳಿಕೊಂಡು ಬಂದ ಮೇಲೆ ಅದು ಏಪ್ರಿಲ್ ಒಂದು ಎಂದು ತಿಳಿಯಿತು. ಆದ್ದರಿಂದ ಈ ಸಲ ಪುರಾವೆ ಅಗತ್ಯ.

ಕಿರಿಯ ಸಹಾಯಕಿ,
ದೂರು ವಿಭಾಗ


ಮಾರ್ಚ್ ೯

ಮಾನ್ಯರಾದ ಚೂಟಿಯವರೇ,

ಒಂಬತ್ತು ರಸೀದಿ, ಒಂಬತ್ತು ಹೆಬ್ಬೆಟ್ಟು ಕಳಿಸಿದ್ದೇನೆ. ಎಲ್ಲ ಅಸಲಿ. ಹೆಬ್ಬೆಟ್ಟಿನಲ್ಲಿ ಒಂದು ಸ್ವಲ್ಪ ಕಲೆಸಿಹೋಗಿದೆ, ಅದು ಗುಂಡಿಯಕ್ಕನದು. ಸೂಜಿ ಚುಚ್ಚಿ ಚುಚ್ಚಿ ಆ ಬೆರಳಿನಲ್ಲಿ ಗೆರೆಯೇ ಉಳಿದಿಲ್ಲ. ‘ಇದು ಯಾರ ಬೆರಳು ಅಂತ ಅವರಿಗೆ ಗೊತ್ತಾಗುತ್ತಾ ಅಜ್ಜ?’ ಅಂದಳು. ‘ಗೆರೆ ಇಲ್ಲದ್ದು ಅಂದ್ರೆ ನೀನೇ’ ಅಂದೆ. ನಕ್ಕಳು. ಅವಳು ನಕ್ಕರೆ ಬಾಯಿಗೆ ಸೆರಗು ಅಡ್ಡ ಬರುತ್ತದೆ.

ಆ ಮೊಹರಿನ ಕಾಗದದ ವಿಷಯ. ಅಂಥ ಸೊಗಸಾದ ಮೊಹರನ್ನು ಆಲೂಗಡ್ಡೆಯಲ್ಲಿ ಕೆತ್ತಿದ್ದೆ ಕಣೆ. ಅಷ್ಟು ಕಷ್ಟಪಟ್ಟವನಿಗೆ ನೀನು ಬೀದಿಗೆಲ್ಲ ಹೇಳಿಬರುತ್ತೀ ಅಂತ ಹೊಳೆಯಲಿಲ್ಲ ನೋಡು. ಮುಂದೆ ಅದೇ ಕಚೇರಿಯಲ್ಲಿ ನಿಜವಾಗಿಯೂ ಕೆಲಸ ಸಿಕ್ಕಿತಲ್ಲ. ನಾನು ಸ್ವಲ್ಪ ಮುಂಚೆ ಬರೆದಿದ್ದೆ, ಅಷ್ಟೇ.

ಇಲ್ಲ. ಈ ಪ್ಯಾರಾ ಹೊಡೆದುಹಾಕಬೇಕಿತ್ತು. ಕಾಗದ ಇನ್ನೊಂದಿಲ್ಲ, ಹಾಗೇ ಬಿಟ್ಟಿದ್ದೇನೆ.

ನಿನ್ನ ‘ಪುರಾವೆ ಅಗತ್ಯ’ ಬಂದು ಇಲ್ಲಿಂದ ಪುರಾವೆ ಹೊರಡುವಷ್ಟರಲ್ಲಿ ಒಂದು ತಿಂಗಳು ಹೋಯಿತು. ನಿನ್ನನ್ನು ದೂರುತ್ತಿಲ್ಲ. ನಿನ್ನನ್ನು ಹಾಗೆ ಮಾಡಿದವನು ನಾನೇ. ಆದರೆ ಈ ಭಾನುವಾರ ಗುಂಡಿಯಕ್ಕನ ಅಮ್ಮ ಫೋನಿನಲ್ಲಿ ‘ಸ್ಕೂಲು ಬಿಟ್ಟಿತಾ?’ ಅಂತ ಕೇಳಿದಳಂತೆ. ಮಗಳಿಗೆ ನಲವತ್ಮೂರು. ‘ಬಿಡ್ತಮ್ಮ, ದಾರೀಲಿದೀನಿ’ ಅಂದಳಂತೆ.

ಅಗತ್ಯಕ್ಕೆ ತಕ್ಕ ಪುರಾವೆಯೊಂದಿಗೆ,
ಮಾವ


ಮಾರ್ಚ್ ೨೮

ಮಾವನವರಿಗೆ,

ರಸೀದಿಗಳು ತಲುಪಿವೆ. ನಾನು ಖಜಾನೆಯವರಲ್ಲಿ ಸಂಖ್ಯೆ ತಾಳೆ ನೋಡಿಸಿದೆ. ನಿಜ. ಕಡತ ತೆರೆದಿದ್ದೇನೆ.

ನಡೆಯುವುದು ಹೇಗೆ ಎಂದು ತಿಳಿಸಬೇಕು. ಕೌಂಟರಿನ ಕಂಪನಿ ಆ ದೇಶದ್ದು, ಹಣ ಆ ದೇಶದ ಖಾತೆಗೆ ಹೋಗಿದೆ. ಹಿಂದೆ ಕೊಡಿ ಎಂದು ನಾವು ನೇರವಾಗಿ ಹೇಳುವ ಹಾಗಿಲ್ಲ. ನಮ್ಮ ರಾಯಭಾರ ಕಚೇರಿ ಅವರ ವಿದೇಶಾಂಗ ಕಚೇರಿಗೆ ‘ಮೌಖಿಕ ಟಿಪ್ಪಣಿ’ ಎಂಬ ಪತ್ರ ಕಳಿಸುತ್ತದೆ. ಅದರಲ್ಲಿ ‘ನಾವು’, ‘ನೀವು’ ಎಂದು ಬರೆಯುವುದಿಲ್ಲ, ತಪ್ಪು ಎಂಬ ಪದ ಬಳಸುವುದಿಲ್ಲ. ಅವರು ಅದಕ್ಕೆ ಇನ್ನೊಂದು ಮೌಖಿಕ ಟಿಪ್ಪಣಿಯಲ್ಲಿ ಉತ್ತರಿಸುತ್ತಾರೆ. ಕರಡು ನಾನು ಬರೆಯುತ್ತೇನೆ. ಅದು ನಾಲ್ಕು ಮೇಜು ದಾಟಬೇಕು.

ಆ ತಾಯಿಯ ವಿಷಯ ಕಡತದಲ್ಲಿ ಬರೆಯಲು ಒಂದು ಕಾಲಂ ಹುಡುಕಿದೆ. ಇಲ್ಲ.

ಕಿರಿಯ ಸಹಾಯಕಿ


ಏಪ್ರಿಲ್ ೧೨

ಚೂಟಿ,

ಒಂದನೇ ತಾರೀಕು ಬರೆಯೋಣ ಅಂತ ಪೆನ್ನು ತೆಗೆದೆ. ಕ್ಯಾಲೆಂಡರು ನೋಡಿ ಮುಚ್ಚಿಟ್ಟೆ. ಹನ್ನೊಂದು ದಿನ ಕಾದು ಬರೆಯುತ್ತಿದ್ದೇನೆ. ನಂಬಿಕೆ ಬರಲಿ ಅಂತ.

ಮೌಖಿಕ ಅಂದರೆ ಬಾಯಿಮಾತಿನದು. ಅದನ್ನು ಕಾಗದದ ಮೇಲೆ ಬರೆಯುತ್ತೀರಿ. ಆ ಬಾಯಿಮಾತು ನಾಲ್ಕು ಮೇಜು ನಡೆಯುತ್ತದೆ. ಮಾತಾಡಿದರೆ ಎರಡು ನಿಮಿಷದ ಕೆಲಸ, ಬಾಯಿ ಇಲ್ಲದ ಬಾಯಿಮಾತಿಗೆ ಎರಡು ತಿಂಗಳು! ಇದನ್ನು ಕಂಡುಹಿಡಿದವನು ಎಲ್ಲಿದ್ದಾನೆ ಹೇಳು, ಅವನಿಗೆ ಶಿಷ್ಯನಾಗಿ ಸೇರುತ್ತೇನೆ. ನಾನು ಜೀವಮಾನ ಪೂರ್ತಿ ಮಾಡಿದ ತಮಾಷೆಯೆಲ್ಲ ಇದರ ಮುಂದೆ ಬರೀ ಕಚಗುಳಿ.

ಕಳೆದ ವಾರ ನಮ್ಮ ಕಚೇರಿಯ ಎರಡನೇ ಕಾರ್ಯದರ್ಶಿ ಅನ್ನೋ ಹುದ್ದೆಯ ಅಧಿಕಾರಿ ಒಂಬತ್ತು ಜನರನ್ನೂ ಒಳಗೆ ಕರೆಸಿದ. ಓದಿ ಹೇಳೋಕೆ ಅಂತ ನಾನೂ ಹೋದೆ. ಬಹಳ ಒಳ್ಳೆಯ ಮನುಷ್ಯ. ಎಲ್ಲರಿಗೂ ಕುರ್ಚಿ ಹಾಕಿಸಿದ. ಮೆತ್ತನೆ ಕುರ್ಚಿ, ಹೆಂಗಸರು ತುದಿಯಲ್ಲಿ ಕೂತರು, ಕೊಳೆಯಾದೀತು ಅಂತ. ಗುಂಡಿಯಕ್ಕ ಹಳೆಯ ಪಾಸ್‌ಪೋರ್ಟನ್ನು ಕರವಸ್ತ್ರದಿಂದ ಬಿಚ್ಚಿ ಮೇಜಿನ ಮೇಲಿಟ್ಟಳು.

‘ಕಳೆದಿಲ್ಲ ಸ್ವಾಮಿ. ಇಲ್ಲೇ ಇದೆ, ನೋಡಿ.’

ಆತ ತಲೆ ಎತ್ತಿ ಸೂರು ನೋಡಿದ. ‘ಅಮ್ಮಾ, ಅದನ್ನ ದಯವಿಟ್ಟು ಒಳಗಿಡಿ. ನಾನದನ್ನ ನೋಡಿಲ್ಲ.’

‘ನೋಡಿ ಅಂತಾನೇ ತಂದಿದ್ದು.’

‘ನೋಡಿದ್ರೆ ನಾನು ಕೇಸ್ ಹಾಕಬೇಕಾಗುತ್ತೆ. ಕಳೆದಿದೆ ಅಂತ ನೀವು ಅರ್ಜೀಲಿ ಹೆಬ್ಬೆಟ್ಟು ಒತ್ತಿದೀರಿ. ಕಳೆದಿಲ್ಲ ಅಂದ್ರೆ ಅದು ಸುಳ್ಳು ಹೇಳಿಕೆ, ಅದಕ್ಕೆ ದಂಡ ಇದೆ. ಕಳೆದಿದೆ ಅಂದ್ರೆ ಶುಲ್ಕ ಸರಿಯಾಗೇ ತಗೊಂಡಿದಾರೆ.’

‘ಹಾಗಾದ್ರೆ ಏನನ್ನಬೇಕು?’

‘ಸದ್ಯಕ್ಕೆ ಏನೂ ಅನ್ನಬೇಡಿ.’

ಅದಾದ ಮೇಲೆ ಎಲ್ಲರಿಗೂ ಚಹಾ ಬಂತು. ದಂಡ ಕಟ್ಟಿಯೂ ದಂಡ, ಕಟ್ಟದೆಯೂ ದಂಡ. ಹತ್ತು ಜನ ದಂಡು ಕಟ್ಟಿಕೊಂಡು ಹೋಗಿ ಚಹಾ ಕುಡಿದು ಬಂದೆವು. ಗೇಟು ದಾಟುವಾಗ ಗುಂಡಿಯಕ್ಕ ಕೇಳಿದಳು, ‘ಅಜ್ಜ, ಅವರು ಬೈದಿದ್ರೆ ತಿರುಗಿ ಏನಾದ್ರೂ ಅನ್ನಬಹುದಿತ್ತು. ಇಷ್ಟು ಮರ್ಯಾದೆ ಕೊಟ್ಟರೆ ಏನು ಮಾಡೋದು?’

ಇದಕ್ಕೆ ಉತ್ತರ ನಿನ್ನ ಹತ್ತಿರ ಇದ್ದರೆ ಕಳಿಸು. ಬರೆದೇ ಕಳಿಸು, ಮೌಖಿಕವಾಗಿ.

ಮರ್ಯಾದೆಯಿಂದ ಸುಸ್ತಾದ
ಮಾವ


ಮೇ ೨

ಮಾವ,

ರಾಯಭಾರ ಕಚೇರಿಯಿಂದ ಒಂಬತ್ತು ಅರ್ಜಿಗಳ ನಕಲು ನಿನ್ನೆ ನನ್ನ ಮೇಜಿಗೆ ಬಂದವು.

‘ಅರ್ಜಿಯಲ್ಲಿ ಕಳೆದದ್ದು ಅಂತ ಬರೆದಿತ್ತು’ ಎಂದು ನೀನು ಮೊದಲ ಪತ್ರದಲ್ಲಿ ಬರೆದಿದ್ದೆ. ಯಾರು ಬರೆದದ್ದು ಎಂದು ಬರೆದಿರಲಿಲ್ಲ. ಓದಲು ಬಾರದವರು ಬರೆದಿರಲಾರರು ಎಂಬುದು ನನಗೆ ಹೊಳೆಯಬೇಕಿತ್ತು.

ಒಂಬತ್ತೂ ಒಂದೇ ಕೈ. ‘ಳ’ದ ಬಾಲ ಒಳಗೆ ಸುತ್ತಿ ಕೊನೆಗೆ ಬಸವನಹುಳುವಿನ ಹಾಗೆ ತಲೆ ಎತ್ತುತ್ತದೆ. ನಾನು ಆ ಬಾಲ ಹಿಡಿದು ಅಕ್ಷರ ಕಲಿತವಳು. ನಾಲ್ಕು ವರ್ಷದವಳಿಗೆ ನೀನೇ ಸ್ಲೇಟಿನ ಮೇಲೆ ಕೈ ಹಿಡಿದು ತಿದ್ದಿಸಿದ್ದು. ನನ್ನ ಎದುರಿನ ಮೇಜಿನವರು ‘ಏನಾಯ್ತು?’ ಎಂದರು. ಕಣ್ಣಿಗೆ ಏನೋ ಬಿತ್ತು ಎಂದೆ.

ತಮಾಷೆಗೆ ಬರೆದೆಯಾ? ಕೌಂಟರಿನವನ ಪಟ್ಟಿ ನಿನಗೆ ಗೊತ್ತಿತ್ತಾ?

ಇದನ್ನು ಕಡತದಲ್ಲಿ ಹಾಕಿಲ್ಲ. ಹಾಕಬೇಕೋ ಬೇಡವೋ ನೀನು ಹೇಳು. ಈ ಸಲ ನಿಜ ಹೇಳು.

ನಾನು


ಮೇ ೧೫

ಚೂಟಿ,

ಪಟ್ಟಿ ಗೊತ್ತಿತ್ತು. ನಾಲ್ಕು ವರ್ಷದಿಂದ ‘ಮುಗಿದದ್ದು’ ಅಂತಲೇ ತುಂಬುತ್ತಿದ್ದೆ. ಓದಿ ಹೇಳುವುದಲ್ಲ, ಬರೆಯುವುದೇ ನನ್ನ ಕೆಲಸ. ಅಷ್ಟನ್ನು ನಿನ್ನಿಂದ ಮುಚ್ಚಿಟ್ಟೆ.

ತಮಾಷೆಗೆ ಬರೆದೆ ಅಂತ ಕಡತದಲ್ಲಿ ಹಾಕಿಕೋ. ಎಲ್ಲರೂ ನಂಬುತ್ತಾರೆ. ನಿನಗೆ ಮಾತ್ರ ಆದದ್ದು ಹೇಳುತ್ತೇನೆ. ಇದು ಎಲ್ಲೂ ದಾಖಲಾಗಬಾರದು.

ಆ ದಿನ ಸಾಲಿನಲ್ಲಿ ಮೊದಲು ಗುಂಡಿಯಕ್ಕ ಇದ್ದಳು. ಅವಳಿಗೆ ತನ್ನ ಹೆಸರು ಬರೆಯೋಕೆ ಬಾರದು, ಆದರೆ ನನ್ನ ಪೆನ್ನನ್ನೇ ನೋಡುತ್ತಾ ಪ್ರತಿ ಅಕ್ಷರಕ್ಕೂ ‘ಏನು ಬರೆದ್ರಿ?’ ಅಂತ ಕೇಳುತ್ತಾಳೆ. ಆ ಚೌಕಕ್ಕೆ ಬಂದೆ. ‘ಮುಗಿದದ್ದು ಅಂತ ಹಾಕ್ತಿದೀನಿ’ ಅಂದೆ. ಕೈ ಹಿಡಿದುಕೊಂಡಳು.

‘ಆ ಮಾತು ಬೇಡ ಅಜ್ಜ. ಮೊನ್ನೆ ತಮ್ಮನ ಹೆಂಡ್ತಿ ಫೋನಲ್ಲಿ ಅಂದ್ಲು, ಅತ್ತೇದು ಮುಗಿದ ಹಾಗೇ ಅಂತ. ನಾನು ಅಮ್ಮನ್ನ ನೋಡೋಕೆ ಹೋಗೋ ಕಾಗದದಲ್ಲಿ ಅದೇ ಮಾತು ಯಾಕೆ?’

‘ಹಾಗಾದ್ರೆ ಕಳೆದದ್ದು ಅಂತ ಹಾಕಲಾ? ಕಾಲ ಕಳೀತು ಅಂತೀವಲ್ಲ, ಹಾಗೆ.’

ಯೋಚಿಸಿದಳು. ‘ಹೂಂ. ಕಷ್ಟ ಕಳೀತು ಅಂತಾನೂ ಅಂತಾರೆ. ಅದು ಹಾಕಿ.’

‘ಅವಧಿ ಕಳೆದದ್ದು’ ಅಂತ ಪೂರ್ತಿ ಬರೆದಿದ್ದರೆ ಯಾರಾದರೂ ಕೇಳುತ್ತಿದ್ದರೇನೋ. ಚೌಕ ಚಿಕ್ಕದು. ಮೊಳೆ ಜೋಡಿಸುವವನಿಗೆ ಜಾಗ ನೋಡಿದರೆ ಕೈ ತುರಿಸುತ್ತದೆ, ಪದ ಕತ್ತರಿಸಿ ಕೂರಿಸಿದೆ. ಎಷ್ಟು ಚೆನ್ನಾಗಿ ಕೂತಿತು ಅಂದರೆ! ಕೂಡಿ ಕಳೆಯುವ ಕಳೆ, ಹೊಲದ ಕಳೆ, ಮುಖದ ಕಳೆ, ಎಲ್ಲ ಆ ಒಂದು ಪದದಲ್ಲಿ. ಅವಳ ಮುಖದಲ್ಲೂ ಒಂದಿಷ್ಟು ಕಳೆ ಬಂತು. ನನ್ನ ಪದಕ್ಕೆ ನಾನೇ ಮೆಚ್ಚಿಕೊಂಡು ಉಳಿದ ಎಂಟಕ್ಕೂ ಅದನ್ನೇ ಇಳಿಸಿದೆ. ಪಟ್ಟಿ ನೆನಪಿಗೇ ಬರಲಿಲ್ಲ. ಅವಳ ಒಂದಕ್ಕೆ ಕಾರಣ ಇತ್ತು. ಆ ಎಂಟಕ್ಕೆ ನನ್ನ ಚಪಲ ಬಿಟ್ಟರೆ ಬೇರೇನೂ ಇಲ್ಲ.

ಅವಳಿಗೆ ಇನ್ನೂ ಗೊತ್ತಿಲ್ಲ, ತಾನು ಬೇಡ ಅಂದ ಮಾತೇ ಸರಿಯಾದ ಮಾತು ಆಗಿತ್ತು ಅಂತ. ಗೊತ್ತಾಗಬಾರದು. ಕೌಂಟರಿನವರ ತಪ್ಪು ಅಂತ ಒಂಬತ್ತು ಜನರೂ ನಂಬಿದ್ದಾರೆ. ಸಂಬಳ ಬಂದ ದಿನ ನನಗೆ ಒಂದು ಹೊಸ ಅಂಗಿ ತಂದುಕೊಟ್ಟರು, ನಮಗೋಸ್ಕರ ಓಡಾಡ್ತಿದೀರಿ ಅಂತ. ಗುಂಡಿಯಕ್ಕ ಅದರ ಗುಂಡಿ ಎಲ್ಲ ಎರಡೆರಡು ಸಲ ಹಚ್ಚಿದ್ದಾಳೆ. ಹಾಕಿಕೊಳ್ಳೋಕೆ ಆಗುತ್ತಿಲ್ಲ.

ಮಾವ


ಜೂನ್ ೧೦

ಮಾವ,

ದಾರಿ ಸಿಕ್ಕಿದೆ. ದಾರಿ ಎನ್ನಬಹುದೋ ತಿಳಿಯದು. ಓದಿ ನೋಡು.

ಹಣ ಹಿಂದೆ ಕೊಡಲು ಎರಡೂ ಕಡೆಯವರಿಗೆ ಅಡ್ಡಿಯಿಲ್ಲ. ಅಡ್ಡಿ ಇರುವುದು ತಪ್ಪು ಯಾರದೆನ್ನುವುದಕ್ಕೆ. ಕೌಂಟರಿನದು ಎಂದರೆ ಅವರ ದೇಶ ಒಪ್ಪುವುದಿಲ್ಲ. ನಮ್ಮ ಕಚೇರಿಯ ಪಟ್ಟಿಯದು ಎಂದರೆ ನಮ್ಮವರು ಒಪ್ಪುವುದಿಲ್ಲ. ಹೆಂಗಸರದು ಎಂದರೆ ಅವರಿಗೆ ದಂಡ. ಮೂರು ಕರಡು ತಿರಸ್ಕಾರವಾದವು. ನಾಲ್ಕನೆಯದು ಒಪ್ಪಿಗೆಯಾಗಿದೆ. ಅದರ ವಾಕ್ಯ ಇದು:

‘ಅರ್ಜಿಗಳನ್ನು ತುಂಬಿದ ಖಾಸಗಿ ಬರಹಗಾರರ ಪದಬಳಕೆಯಿಂದ ಉಂಟಾದ ಅಸ್ಪಷ್ಟತೆಯನ್ನು ಉಭಯ ಪಕ್ಷಗಳೂ ವಿಷಾದದಿಂದ ಗಮನಿಸಿರುತ್ತವೆ.’

ಇದಕ್ಕೆ ನೀನು ಸಹಿ ಹಾಕಬೇಕು. ಜೊತೆಗೆ, ಇನ್ನು ಮುಂದೆ ಆ ಕಚೇರಿಯ ಆವರಣದಲ್ಲಿ, ಹೊರಗೋಡೆಯ ಬಳಿಯೂ, ಬೇರೆಯವರ ಪರವಾಗಿ ಏನನ್ನೂ ಬರೆಯುವುದಿಲ್ಲ ಎಂಬ ಮುಚ್ಚಳಿಕೆ. ನೀನು ಸಹಿ ಹಾಕಿದರೆ ಒಂಬತ್ತು ದಾಖಲೆಗಳಲ್ಲೂ ‘ಕಳೆದದ್ದು’ ರದ್ದಾಗುತ್ತದೆ, ಪೊಲೀಸರ ತನಿಖೆ ಬೀಳುತ್ತದೆ, ಹಣ ಮತ್ತು ಹೊಸ ಪಾಸ್‌ಪೋರ್ಟು ಬರುತ್ತವೆ.

ಆ ಸ್ಟೂಲು ಬಿಟ್ಟರೆ ನಿನಗೆ ಬೇರೆ ಏನಿದೆ ಎಂದು ನನಗೆ ಗೊತ್ತಿಲ್ಲ. ಕೇಳಲು ಧೈರ್ಯವಿಲ್ಲ.

ಆ ವಾಕ್ಯ ಬರೆದವಳು ನಾನೇ. ಮೇಲಿನವರು ‘ಬಹಳ ನಾಜೂಕಾಗಿದೆ’ ಎಂದರು.

ಚೂಟಿ


ಜೂನ್ ೨೭

ಚೂಟಿ,

ನಾಜೂಕಾಗಿಯೇ ಇದೆ. ‘ತಪ್ಪು’ ಅನ್ನೋ ಪದ ಹಾಕದೆ ತಪ್ಪನ್ನು ಹೀಗೆ ಒಬ್ಬನ ತಲೆ ಮೇಲೆ ಇಡೋಕೆ ನನ್ನಿಂದಲೂ ಆಗುತ್ತಿರಲಿಲ್ಲ. ಒಂದು ಪಕ್ಷ ಅಂದರೆ ಹದಿನೈದು ದಿನ, ಉಭಯ ಪಕ್ಷ ಸೇರಿದರೆ ಒಂದು ತಿಂಗಳು. ನಿಮ್ಮ ಉಭಯ ಪಕ್ಷಕ್ಕೆ ಐದು ತಿಂಗಳು ಹಿಡಿಯಿತು ಅನ್ನೋದು ಬಿಟ್ಟರೆ ಅದರಲ್ಲಿ ಯಾವ ದೋಷವೂ ಕಾಣಲಿಲ್ಲ.

ಎರಡನೇ ಕಾರ್ಯದರ್ಶಿಯ ಕೋಣೆಯಲ್ಲಿ ಸಹಿ ಹಾಕಿದೆ. ‘ಸಿಹಿ ಇಲ್ಲದ ಸಹಿ’ ಅಂದೆ. ಆತ ಗಾಬರಿಯಿಂದ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಸಿದ. ಸ್ಟೂಲನ್ನು ಗೇಟಿನ ಕಾವಲಿನವನಿಗೆ ಕೊಟ್ಟೆ. ಕೂತು ಕಾಯುವ ಭಾಗ್ಯ ಅವನಿಗಾದರೂ ಬರಲಿ. ನನ್ನ ಚಿಂತೆ ಮಾಡಬೇಡ. ಒಂದು ಬಟ್ಟೆ ಅಂಗಡಿಯಲ್ಲಿ ಅಳತೆ ಕೂಗುವ ಕೆಲಸ ಇದೆ. ಬಾಯಿಕೆಲಸ. ಅಸಲಿ ಮೌಖಿಕ.

ಒಂದು ವಿಷಯ ಬರೆಯಬೇಕು. ಬರೆಯದೆ ಇರೋಣ ಅಂತ ಮೂರು ದಿನ ನೋಡಿದೆ.

ಭಾನುವಾರ ಗುಂಡಿಯಕ್ಕ ಫೋನ್ ಮಾಡುವಾಗ ನಾನೂ ಅಲ್ಲೇ ಇದ್ದೆ, ಕಾರ್ಖಾನೆಯ ಹತ್ತಿರದ ಕಿರಾಣಿ ಅಂಗಡಿಯ ಮೂಲೆಯ ಫೋನು. ಸುದ್ದಿ ಹೇಳೋಣ ಅಂತ ಕುಣಿಯುತ್ತಾ ಬಂದಿದ್ದಳು. ‘ಅಮ್ಮಾ, ನಾನು’ ಅಂದಳು. ಆ ಕಡೆಯ ಮುದುಕಿಯ ದನಿ ಗಟ್ಟಿ, ನನಗೂ ಕೇಳಿಸುತ್ತಿತ್ತು.

‘ಯಾರಮ್ಮ?’

‘ನಾನಮ್ಮ. ನಿನ್ನ ಮಗಳು.’

‘ನನ್ನ ಮಗಳು ಹೊರದೇಶದಲ್ಲಿದಾಳೆ. ಅಂಗಿ ಹೊಲೀತಾಳೆ. ನೀನು ಅಲ್ಲಿಂದಾನಾ ಮಾತಾಡ್ತಿರೋದು?’

ಗುಂಡಿಯಕ್ಕ ನನ್ನ ಮುಖ ನೋಡಿದಳು. ‘ಹೂಂ’ ಅಂದಳು.

‘ಅವಳೇನಾದ್ರೂ ಸಿಕ್ಕಿದ್ರೆ ಹೇಳ್ತೀಯಾ? ಅಮ್ಮ ಕಾಯ್ತಿದಾಳೆ, ಒಂದ್ಸಲ ಬಂದು ಹೋಗು ಅಂತ. ಮರೀಬೇಡ ಮತ್ತೆ. ನೀನು ಯಾರೋ ಪುಣ್ಯಾತ್ಗಿತ್ತಿ ಫೋನ್ ಮಾಡ್ದೆ.’

‘ಹೇಳ್ತೀನಿ’ ಅಂದಳು. ‘ಮರೆಯಲ್ಲ.’

ಹಣ ಯಾವಾಗ ಬರುತ್ತದೆ, ತಿಳಿಸು.

ಮಾವ


ಜುಲೈ ೧೯

ಮಾವ,

ಆದೇಶವಾಗಿದೆ. ಒಂಬತ್ತು ಜನರ ಹೆಚ್ಚುವರಿ ಶುಲ್ಕವನ್ನು ‘ಸೌಜನ್ಯದ ನೆಲೆಯಲ್ಲಿ’ ಹಿಂದಿರುಗಿಸುತ್ತಾರೆ. ತಿಂಗಳ ಕೊನೆಗೆ ಅದೇ ಕೌಂಟರಿನಲ್ಲಿ. ಪಾಸ್‌ಪೋರ್ಟುಗಳೂ ಸಿದ್ಧ. ನಮ್ಮ ವಿಭಾಗಕ್ಕೆ ಮೇಲಿನಿಂದ ಮೆಚ್ಚುಗೆಯ ಪತ್ರ ಬಂದಿದೆ. ಎರಡು ದೇಶಗಳ ನಡುವೆ ಒಂದು ಕಹಿ ಮಾತೂ ಬಾರದ ಹಾಗೆ ಇತ್ಯರ್ಥವಾಯಿತು ಎಂದು.

ನಿನ್ನ ಜೂನ್ ಪತ್ರವನ್ನು ಮನೆಗೆ ತಂದು ಅಮ್ಮನಿಗೆ ಓದಿದೆ. ಪೂರ್ತಿ ಓದಲು ಆಗದೆ ಅವಳ ಕೈಗೇ ಕೊಟ್ಟೆ.

ಫೆಬ್ರವರಿಯಲ್ಲಿ ನಿನ್ನನ್ನು ನಂಬಿದ್ದರೆ ಐದು ವಾರ ಉಳಿಯುತ್ತಿತ್ತು. ಐದು ವಾರದಲ್ಲಿ ಆ ತಾಯಿಗೆ ಏನು ನೆನಪಿರುತ್ತಿತ್ತು ಎಂದು ಲೆಕ್ಕ ಹಾಕುತ್ತೇನೆ. ಹಾಕಬಾರದು ಎಂದುಕೊಂಡೂ ಹಾಕುತ್ತೇನೆ.

ಅವಳು ಈಗ ಹೋಗುತ್ತಾಳಾ? ಬರೆ ಮಾವ. ಏನಾದರೂ ಬರೆ. ತಮಾಷೆಯನ್ನಾದರೂ ಬರೆ.

ಚೂಟಿ


ಆಗಸ್ಟ್ ೮

ಚೂಟಿ,

ಗುಂಡಿಯಕ್ಕ ಇವತ್ತು ಹಡಗಿನಲ್ಲಿ ಹೊರಟಳು.

ಹಣ ಹೋದ ವಾರ ಬಂತು. ಅದೇ ಕೌಂಟರು, ಅದೇ ಮನುಷ್ಯ. ಎಣಿಸಿ ಕೊಟ್ಟ. ಎಂಟು ಜನ ತಮ್ಮ ತಮ್ಮ ಗಂಟು ಕಟ್ಟಿಕೊಂಡು ಮಧ್ಯಾಹ್ನದ ಪಾಳಿಗೆ ಓಡಿದರು. ಇವಳು ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. ನಾನು ಗೇಟಿನ ಹೊರಗೆ ಕಾಯುತ್ತಿದ್ದೆ, ಮುಚ್ಚಳಿಕೆ ಕೊಟ್ಟ ಮೇಲೆ ಒಳಗೆ ಹೋಗಲು ಮನಸ್ಸಾಗಲಿಲ್ಲ.

‘ಹೋಗ್ತೀಯಾ?’ ಅಂದೆ.

‘ಯಾಕೆ ಹೋಗ್ಲಿ ಅಂತ ಯೋಚಿಸ್ತಿದೀನಿ. ಹೋದ್ರೆ ನಾನು ಮಗಳು ಅಂತ ಎಷ್ಟು ಸಲ ಹೇಳೋದು? ಹೇಳಿದಷ್ಟೂ ಅವಳಿಗೆ ಗಾಬರಿ.’

ಹಣವನ್ನು ಸೆರಗಿಗೆ ಗಂಟು ಹಾಕುತ್ತಾ ಅವಳೇ ಅಂದಳು, ‘ಆದ್ರೆ ಮಗಳಿಗೆ ಹೇಳ್ತೀನಿ ಅಂತ ಒಪ್ಪಿಕೊಂಡಿದೀನಿ ಅಜ್ಜ. ಏನಾಯ್ತು ಅಂತ ತಿಳಿಸೋಕೆ ಯಾರಾದ್ರೂ ಹೋಗಬೇಕಲ್ಲ. ನಿಮ್ಮ ಮಗಳು ಸಿಕ್ಕಿದ್ಲು, ಚೆನ್ನಾಗಿದಾಳೆ, ರಜ ಸಿಕ್ಕಿಲ್ಲ, ಅಂತೀನಿ. ಹತ್ತು ದಿನ ಅಲ್ಲೇ ಕೂತು ಅವಳ ಮಗಳ ವಿಷಯ ಮಾತಾಡ್ತೀನಿ.’

ನಾನು ಅಚ್ಚುಕೂಟದವನು. ಕಾಗದದ ಮೇಲೆ ಏನು ಬೇಕಾದರೂ ಹುಟ್ಟಿಸಬಲ್ಲೆ ಅಂದುಕೊಂಡಿದ್ದೆ. ಅವಳು ಹುಟ್ಟಿಸಿದ್ದು ಕಾಗದವೇ ಇಲ್ಲದೆ.

ಬಂದರಿನಲ್ಲಿ ರಜೆಯ ಮೇಲೆ ಹೋಗುವ ಕೆಲಸಗಾರರು ಒಂದು ಚೀಟಿ ತುಂಬಬೇಕು. ಹೆಸರು, ಕಾರ್ಖಾನೆ, ಯಾರನ್ನು ನೋಡಲು ಹೋಗುತ್ತಿದ್ದೀರಿ, ಅವರಿಗೂ ನಿಮಗೂ ಏನು ಸಂಬಂಧ. ಮುಚ್ಚಳಿಕೆ ರಾಯಭಾರ ಕಚೇರಿಯ ಆವರಣಕ್ಕೆ ಮಾತ್ರ, ಬಂದರಿಗೆ ಅಲ್ಲ. ಆದರೂ ಪೆನ್ನು ತೆಗೆಯೋಕೆ ನನಗೆ ಕೈ ಬರಲಿಲ್ಲ. ಅವಳೂ ನನ್ನನ್ನು ಕೇಳಲಿಲ್ಲ. ಹಿಂದೆ ನಿಂತಿದ್ದ ಒಬ್ಬ ಬಡಗಿಯ ಹತ್ತಿರ ಬರೆಸಿದಳು. ಅವನಿಗೆ ನಮ್ಮ ಅಕ್ಷರ ಅಷ್ಟಕ್ಕಷ್ಟೇ, ಆದರೂ ನಾಲಗೆ ಕಚ್ಚಿಕೊಂಡು ಬರೆದ. ಹೆಸರು, ಕಾರ್ಖಾನೆ, ತಾಯಿಯ ಹೆಸರು. ಕೊನೆಯ ಚೌಕಕ್ಕೆ ಬಂದ.

‘ಸಂಬಂಧ ಅಂತಿದೆಯಕ್ಕ. ಏನು ಹಾಕ್ಲಿ?’

ಸಾಲು ಹಿಂದಿನಿಂದ ತಳ್ಳುತ್ತಿತ್ತು.

‘ಬೇಗ ಹೇಳಕ್ಕ. ಹಡಗು ಕೂಗ್ತಿದೆ.’

‘ಖಾಲಿ ಬಿಟ್ರೆ ತಗೊಳ್ತಾರಾ?’

‘ಏನೋ. ಕೊಟ್ಟು ನೋಡು.’

ಕೊಟ್ಟಳು. ಕಿಟಕಿಯ ಒಳಗಿದ್ದ ಹೆಂಗಸು ಚೀಟಿಯನ್ನು ಓದಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಮೊಹರು ಒತ್ತಿ, ಮುಂದಿನವರನ್ನು ಕರೆದಳು.

ಬಂದರಿನಿಂದ,
ಮಾವ